ಪ್ರವಾಸದಲ್ಲಿ ಚಾಕೊಲೇಟ್ ತಯಾರಿ ಕ್ಲಾಸ್: ಬಿಳಿ ಕಲೆ ಅಂದರೆ ಫಂಗಸ್ಸಾ? ‘ಶುಗರ್ ಫ್ರೀ’ ಅಂದರೆ ನಿಜಕ್ಕೂ ಸಕ್ಕರೆ ಇಲ್ಲವಾ?

ಕಳೆದ ವರ್ಷ ಬೇಸಿಗೆಯಲ್ಲಿ ಊಟಿಗೆ ಹೋಗಿದ್ದಾಗ ನಾನು ಮತ್ತು ನನ್ನ ಸೋದರತ್ತೆ ‘ನಿಮ್ಮ ಕೈಯಾರೆ ಚಾಕೊಲೇಟ್ ಮಾಡಿ’ ಅನ್ನುವ ಎರಡು ಗಂಟೆಯ ಕ್ಲಾಸಿಗೆ ಸೇರಿದ್ದೆವು. ಏಪ್ರನ್ ಹಾಕಿಕೊಂಡು, ಕರಗಿಸಿ, ಅಚ್ಚಿಗೆ ಸುರಿದು, ಗೋಡಂಬಿ ಒತ್ತಿ, ಅರ್ಧ ಕೆಜಿಯ ಡಬ್ಬಿ ತುಂಬಿಕೊಂಡು ಬಂದೆವು. ಹೊರಡುವಾಗ ಅತ್ತೆ ಅಲ್ಲೇ ಮಾರುತ್ತಿದ್ದ ‘ಶುಗರ್ ಫ್ರೀ ಡಾರ್ಕ್’ ಅಂತ ಸ್ಟಿಕರ್ ಅಂಟಿಸಿದ್ದ ಇನ್ನೊಂದು ಡಬ್ಬಿಯನ್ನೂ ಕೊಂಡರು. ಅವರಿಗೆ ಹನ್ನೊಂದು ವರ್ಷದಿಂದ ಡಯಾಬಿಟಿಸ್ ಇದೆ.

ಬೆಂಗಳೂರಿಗೆ ಬಂದ ಎರಡು ವಾರಕ್ಕೆ ನಾವು ಮಾಡಿದ ಚಾಕೊಲೇಟ್ ಮೇಲೆ ಬೂದು-ಬಿಳಿ ಕಲೆ ಕಾಣಿಸಿಕೊಂಡಿತು. ಅದೇ ಹೊತ್ತಿಗೆ ಫ್ಯಾಮಿಲಿ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಚಾಕೊಲೇಟ್ ಮೇಲಿನ ಬಿಳಿ ಪುಡಿ ವಿಷಕಾರಿ ಫಂಗಸ್, ತಿಂದರೆ ಕ್ಯಾನ್ಸರ್, ಎಲ್ಲರಿಗೂ ಕಳಿಸಿ. ಅತ್ತೆ ಇಡೀ ಡಬ್ಬಿಯನ್ನು ಕಸಕ್ಕೆ ಸುರಿದರು. ಸ್ಟಿಕರ್ ಡಬ್ಬಿಯಲ್ಲಿ ಯಾವ ಕಲೆಯೂ ಇರಲಿಲ್ಲ, ಹಾಗಾಗಿ ದಿನಾ ಊಟದ ಮೇಲೆ ಎರಡೆರಡು ತುಂಡು ತಿಂದರು. ಮನೆಯ ಗ್ಲೂಕೋಮೀಟರಿನಲ್ಲಿ ಊಟವಾದ ಎರಡು ಗಂಟೆಗೆ ಸಾಮಾನ್ಯವಾಗಿ 180ರ ಆಸುಪಾಸು ಇರುತ್ತಿದ್ದ ಸಂಖ್ಯೆ ನಾಲ್ಕನೇ ದಿನ 250 ದಾಟಿತು. ಒಬ್ಬರ ಅನುಭವ ವೈಜ್ಞಾನಿಕ ಪುರಾವೆ ಅಲ್ಲ, ಒಪ್ಪುತ್ತೇನೆ. ಆದರೆ ನಾನು ಅಂಗಡಿಗೆ ಫೋನ್ ಮಾಡಿ ಕೇಳಿದಾಗ ಬಂದ ಉತ್ತರ ಇದು: “ಸಕ್ಕರೆ ಇಲ್ಲ ಅಂತಲ್ಲ ಮೇಡಂ, ಕಮ್ಮಿ ಇದೆ.”

ಅಂದರೆ ನಿರಪಾಯಕಾರಿಯಾದದ್ದು ಕಸದ ಬುಟ್ಟಿಗೆ ಹೋಯಿತು, ಜಾಗ್ರತೆ ವಹಿಸಬೇಕಾಗಿದ್ದದ್ದು ಹೊಟ್ಟೆಗೆ ಹೋಯಿತು. ಎರಡು ಗಂಟೆ ಚಾಕೊಲೇಟ್ ಕಲಿತು ಬಂದಿದ್ದರೂ ಈ ಎರಡರಲ್ಲಿ ಒಂದೂ ನಮಗೆ ಗೊತ್ತಿರಲಿಲ್ಲ. ಆಮೇಲೆ ಮೈಸೂರಿಗೆ ಹೋದಾಗ ಕೋಕೋ ಬೀಜದಿಂದಲೇ ಶುರುಮಾಡುವ ಇನ್ನೊಂದು ಕ್ಲಾಸಿಗೆ ಸೇರಿದೆ. ಈ ಲೇಖನ ಆ ಎರಡು ಕ್ಲಾಸುಗಳ ನಡುವಿನ ವ್ಯತ್ಯಾಸದಿಂದ ಹುಟ್ಟಿದ್ದು.

ಊಟಿಯಲ್ಲಿ ಕೋಕೋ ಬೆಳೆಯುತ್ತದಾ?

ಇಲ್ಲ. ‘ಊಟಿ ತೋಟದ ಕೋಕೋದಿಂದ ಮಾಡಿದ್ದು’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೋಕೋ ಮರಕ್ಕೆ ಬಿಸಿ, ತೇವ, ನೆರಳು ಮೂರೂ ಬೇಕು. ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದ ಊಟಿಯ ಚಳಿಯಲ್ಲಿ ಅದು ಬದುಕುವುದಿಲ್ಲ. ದಕ್ಷಿಣ ಭಾರತದಲ್ಲಿ ಅದು ಬೆಳೆಯುವುದು ಕೆಳಗೆ: ಆಂಧ್ರ, ಕೇರಳ, ತಮಿಳುನಾಡಿನ ಪೊಳ್ಳಾಚಿ ಕಡೆಯ ತೆಂಗಿನ ತೋಟಗಳು, ಮತ್ತು ನಮ್ಮ ದಕ್ಷಿಣ ಕನ್ನಡದ ಅಡಿಕೆ ತೋಟಗಳು. ಪುತ್ತೂರು, ಸುಳ್ಯ ಕಡೆಯವರಿಗೆ ಇದನ್ನು ಹೇಳಬೇಕಾಗಿಯೇ ಇಲ್ಲ. ಅಡಿಕೆ ಬೆಳೆಗಾರರ ಸಹಕಾರಿಯಾಗಿ 1973ರಲ್ಲಿ ಮಂಗಳೂರಿನಲ್ಲಿ ಶುರುವಾದ ಕ್ಯಾಂಪ್ಕೋ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದದ್ದೇ ಆ ತೋಟಗಳ ಕೋಕೋಕ್ಕಾಗಿ.

ಹಾಗಿದ್ದರೆ ಗಿರಿಧಾಮಗಳಿಗೂ ಚಾಕೊಲೇಟಿಗೂ ಏನು ಸಂಬಂಧ? ತಂಪಿನ ಸಂಬಂಧ. ಕರಗಿಸಿ ಅಚ್ಚಿಗೆ ಸುರಿದದ್ದು ಫ್ರಿಜ್ ಇಲ್ಲದೆಯೂ ಅಲ್ಲಿ ಗಟ್ಟಿಯಾಗುತ್ತದೆ, ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಇಟ್ಟರೂ ಜಾರುವುದಿಲ್ಲ.

ನಿಮ್ಮ ಮುಂದೆ ಕರಗುತ್ತಿರುವುದು ಏನು?

ಬಹಳಷ್ಟು ಪ್ರವಾಸಿ ಕ್ಲಾಸುಗಳಲ್ಲಿ ನೀವು ಚಾಕೊಲೇಟ್ ‘ತಯಾರಿಸುವುದಿಲ್ಲ’. ಬೇರೆ ಎಲ್ಲೋ ಕಾರ್ಖಾನೆಯಲ್ಲಿ ತಯಾರಾದ ಗಟ್ಟಿಯನ್ನು ಕರಗಿಸಿ ಹೊಸ ಆಕಾರ ಕೊಡುತ್ತೀರಿ. ಅದರಲ್ಲಿ ತಪ್ಪೇನೂ ಇಲ್ಲ. ಬೆಲ್ಜಿಯಂನ ಬ್ರಸೆಲ್ಸ್, ಬ್ರೂಜ್ ನಗರಗಳಲ್ಲಿ ಪ್ರವಾಸಿಗರಿಗೆ ಕಲಿಸುವುದೂ ಬಹುತೇಕ ಅದನ್ನೇ. ಕೇಳಬೇಕಾದ ಪ್ರಶ್ನೆ ಒಂದೇ: ಆ ಗಟ್ಟಿಯಲ್ಲಿರುವ ಕೊಬ್ಬು ಯಾವುದು?

ಕೋಕೋ ಬೀಜದಲ್ಲಿ ಅರ್ಧದಷ್ಟು ಕೊಬ್ಬೇ ಇರುತ್ತದೆ. ಅದೇ ಕೋಕೋ ಬೆಣ್ಣೆ. ಬೆಲೆ ಜಾಸ್ತಿ. ಅದನ್ನು ತೆಗೆದು, ಉಳಿದ ಕೋಕೋ ಪುಡಿಗೆ ಸಕ್ಕರೆಯನ್ನೂ ತಾಳೆಬೀಜದ ಎಣ್ಣೆಯಂಥ ಅಗ್ಗದ ಗಟ್ಟಿ ಕೊಬ್ಬನ್ನೂ ಸೇರಿಸಿದರೆ ಸಿಗುವುದು ಕಾಂಪೌಂಡ್. ಊಟಿಯ ನಮ್ಮ ಕ್ಲಾಸಿನಲ್ಲಿ ಕರಗಿದ್ದು ಇದು; ಪ್ಯಾಕೆಟ್ಟನ್ನು ನಾನೇ ನೋಡಿದೆ, ಆಗ ಆ ಪದದ ಅರ್ಥ ಗೊತ್ತಿರಲಿಲ್ಲ. ಕಾಂಪೌಂಡ್ ವಿಷವಲ್ಲ, ಕಾನೂನುಬಾಹಿರವೂ ಅಲ್ಲ. ಕೇಕ್, ಐಸ್‌ಕ್ರೀಂ, ಬಿಸ್ಕತ್ತಿನ ಮೇಲೆ ನಾವೆಲ್ಲ ತಿನ್ನುತ್ತಿರುವುದು ಅದನ್ನೇ. ಆದರೆ ಅದನ್ನು ‘ಪ್ಯೂರ್ ಚಾಕೊಲೇಟ್’ ಅಂತ ಆ ಬೆಲೆಗೆ ಮಾರಿದರೆ ಅದು ಮೋಸ.

ಗುರುತಿಸಲು ಪ್ಯಾಕೆಟ್ ಹಿಂಭಾಗ ಓದಿ. ನಮ್ಮ ದೇಶದ ನಿಯಮದ ಪ್ರಕಾರ ಪದಾರ್ಥಗಳನ್ನು ಪ್ರಮಾಣದ ಇಳಿಕೆ ಕ್ರಮದಲ್ಲಿ ಬರೆಯಬೇಕು. ಮೊದಲ ಹೆಸರೇ ಸಕ್ಕರೆ, ಎರಡನೆಯದು ಹೈಡ್ರೋಜನೇಟೆಡ್ ವೆಜಿಟೆಬಲ್ ಫ್ಯಾಟ್ ಆಗಿದ್ದರೆ ಅದು ಕಾಂಪೌಂಡ್. ಕೋಕೋ ಮಾಸ್, ಕೋಕೋ ಬಟರ್ ಅಂತ ಮೊದಲೇ ಇದ್ದರೆ ನಿಜವಾದ ಚಾಕೊಲೇಟ್. ಪ್ಯಾಕೆಟ್ ತೋರಿಸಲು ಒಪ್ಪದಿದ್ದರೆ ಇನ್ನೊಂದು ಸುಳಿವಿದೆ. ಕಲಿಸುವವರ ಕೈಯಲ್ಲಿ ಥರ್ಮಾಮೀಟರ್ ಇದೆಯಾ ನೋಡಿ. ಕಾಂಪೌಂಡನ್ನು ಸುಮ್ಮನೆ ಕರಗಿಸಿ ಸುರಿದರೆ ಸಾಕು. ಕೋಕೋ ಬೆಣ್ಣೆ ಅಷ್ಟು ಸುಲಭಕ್ಕೆ ಮಣಿಯುವುದಿಲ್ಲ.

ಇಲ್ಲಿ ಎರಡು ಫಾರ್ವರ್ಡ್‌ಗಳ ಬಗ್ಗೆ ಹೇಳಿಬಿಡುತ್ತೇನೆ. ‘ಬೆಂಕಿ ಹಚ್ಚಿ ನೋಡಿ, ಉರಿದರೆ ಮೇಣ ಬೆರೆಸಿದ್ದಾರೆ’ ಅನ್ನುವ ವಿಡಿಯೊ: ಯಾವ ಕೊಬ್ಬಾದರೂ ಉರಿಯುತ್ತದೆ, ಸಕ್ಕರೆ ಕರಟುತ್ತದೆ. ಅತ್ಯಂತ ದುಬಾರಿ ಚಾಕೊಲೇಟೂ ಈ ಪರೀಕ್ಷೆಯಲ್ಲಿ ಫೇಲ್. ಇನ್ನೊಂದು, ‘ಬಸ್ಸಿನಲ್ಲಿ ಊರಿಗೆ ತಂದರೂ ಕರಗಲಿಲ್ಲ, ಅದಕ್ಕೇ ಇದು ಒರಿಜಿನಲ್’ ಅನ್ನುವ ಮಾತು. ಇದು ಪೂರ್ತಿ ಉಲ್ಟಾ. ಚೆನ್ನಾಗಿ ತಯಾರಾದ ನಿಜವಾದ ಚಾಕೊಲೇಟ್ ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ, ಅಂದರೆ ನಮ್ಮ ಬಾಯಿಯ ಬಿಸಿಗಿಂತ ಸ್ವಲ್ಪ ಕಡಿಮೆ. ನಾಲಿಗೆ ಮೇಲೆ ಇಟ್ಟ ಕೂಡಲೇ ನೀರಾಗುವ ಆ ಸುಖಕ್ಕೆ ಇದೇ ಕಾರಣ. ಬೇಸಿಗೆಯ ಬಸ್ಸಿನಲ್ಲಿ ಕಲ್ಲಿನ ಹಾಗೆ ಕೂತಿದ್ದರೆ ಅದರಲ್ಲಿ ಬೇರೆ ಕೊಬ್ಬಿರುವ ಸಾಧ್ಯತೆಯೇ ಹೆಚ್ಚು.

ಥರ್ಮಾಮೀಟರ್ ಯಾಕೆ ಬೇಕು?

ತುಪ್ಪವನ್ನು ನೆನಪಿಸಿಕೊಳ್ಳಿ. ಕಾಯಿಸಿದ ತುಪ್ಪ ನಿಧಾನವಾಗಿ ಆರಿದರೆ ಮರಳು ಮರಳಾಗಿ ಕೂರುತ್ತದೆ, ಕೂಡಲೇ ಫ್ರಿಜ್ಜಿಗಿಟ್ಟರೆ ನುಣ್ಣಗೆ ಗಟ್ಟಿಯಾಗುತ್ತದೆ. ತುಪ್ಪ ಅದೇ, ಹರಳು ಕಟ್ಟಿದ ರೀತಿ ಬೇರೆ. ಕೋಕೋ ಬೆಣ್ಣೆ ಹೀಗೆ ಆರು ರೀತಿಯಲ್ಲಿ ಹರಳು ಕಟ್ಟಬಲ್ಲದು. ಅದರಲ್ಲಿ ಐದನೆಯದು ಮಾತ್ರ ನಮಗೆ ಬೇಕಾದದ್ದು. ಹೊಳಪು, ಮುರಿದಾಗ ‘ಟಪ್’ ಅನ್ನುವ ಸದ್ದು, ಬೆರಳಿಗೆ ತಕ್ಷಣ ಅಂಟದ ಗುಣ ಎಲ್ಲ ಆ ಹರಳಿನಿಂದ ಬರುತ್ತವೆ.

ಅದನ್ನು ಹಿಡಿಯುವ ಕೆಲಸಕ್ಕೆ ಟೆಂಪರಿಂಗ್ ಅಂತ ಹೆಸರು. ಡಾರ್ಕ್ ಚಾಕೊಲೇಟನ್ನು 45ರಿಂದ 50 ಡಿಗ್ರಿವರೆಗೆ ಬಿಸಿ ಮಾಡಿ ಹಳೆಯ ಹರಳುಗಳನ್ನೆಲ್ಲ ಅಳಿಸುತ್ತಾರೆ. ಅಮೃತಶಿಲೆಯ ಮೇಲೆ ಹರಡಿ 27-28ಕ್ಕೆ ಇಳಿಸುತ್ತಾರೆ. ಆಗ ಒಳ್ಳೆಯ ಹರಳೂ ಹುಟ್ಟುತ್ತದೆ, ಕೆಟ್ಟದ್ದೂ ಹುಟ್ಟುತ್ತದೆ. ಮತ್ತೆ 31-32ಕ್ಕೆ ಏರಿಸಿದರೆ ಕೆಟ್ಟವು ಕರಗಿ ಒಳ್ಳೆಯವು ಉಳಿಯುತ್ತವೆ. ಮಿಲ್ಕ್ ಚಾಕೊಲೇಟಿಗೆ ಇದಕ್ಕಿಂತ ಒಂದೆರಡು ಡಿಗ್ರಿ ಕಡಿಮೆ. ಮೈಸೂರಿನ ಕ್ಲಾಸಿನಲ್ಲಿ ನನ್ನ ಮೊದಲ ಪ್ರಯತ್ನ 34ಕ್ಕೆ ಹೋಗಿಬಿಟ್ಟಿತು. ಎಲ್ಲವನ್ನೂ ಮೊದಲಿನಿಂದ ಕಾಯಿಸಬೇಕಾಯಿತು. ಎರಡು ಡಿಗ್ರಿಗೆ ಇಷ್ಟೊಂದು ಬೆಲೆ ಇರುವ ಅಡುಗೆಯನ್ನು ನಾನು ಅದುವರೆಗೆ ಮಾಡಿರಲಿಲ್ಲ.

ಇನ್ನೊಂದು ಅನಾಹುತ ಪಕ್ಕದ ಟೇಬಲ್ಲಿನಲ್ಲಿ ಆಯಿತು. ಒದ್ದೆ ಚಮಚ ಅದ್ದಿದ ಕೂಡಲೇ ರೇಷ್ಮೆಯ ಹಾಗಿದ್ದ ಚಾಕೊಲೇಟ್ ಒರಟು ಮುದ್ದೆಯಾಯಿತು. ನಾಲ್ಕು ಹನಿ ನೀರು ಸಾಕು. ಕೊಬ್ಬಿನಲ್ಲಿ ತೇಲುತ್ತಿದ್ದ ಸಕ್ಕರೆ ಕಣಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅದು ಹಾಳಾಗಿದೆ ಅಂತ ಎಸೆಯಬೇಕಿಲ್ಲ. ಇನ್ನಷ್ಟು ಬಿಸಿ ಹಾಲು ಹಾಕಿ ಕಲಸಿದರೆ ಒಳ್ಳೆಯ ಸಾಸ್ ಆಗುತ್ತದೆ, ಬಾರ್ ಮಾತ್ರ ಆಗುವುದಿಲ್ಲ.

ಈಗ ಆ ಬಿಳಿ ಕಲೆಗೆ ಬರೋಣ

ಅದಕ್ಕೆ ಬ್ಲೂಮ್ ಅನ್ನುತ್ತಾರೆ, ಎರಡು ಬಗೆ. ಬಿಸಿಲಿಗೆ ಮೆತ್ತಗಾಗಿ ಮತ್ತೆ ಗಟ್ಟಿಯಾದಾಗ, ಅಥವಾ ಟೆಂಪರಿಂಗ್ ಸರಿಯಿಲ್ಲದಿದ್ದಾಗ, ಕೊಬ್ಬು ಮೇಲಕ್ಕೆ ಬಂದು ಬೇರೆ ರೀತಿಯಲ್ಲಿ ಹರಳು ಕಟ್ಟುತ್ತದೆ. ಇದು ಕೊಬ್ಬಿನ ಬ್ಲೂಮ್. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಚಾಕೊಲೇಟ್ ಮೇಲೆ ಹೊರಗಿನ ಗಾಳಿಯ ತೇವ ಇಬ್ಬನಿಯ ಹಾಗೆ ಕೂತು, ಸಕ್ಕರೆಯನ್ನು ಕರಗಿಸಿ, ಆರಿದ ಮೇಲೆ ಪುಡಿಯಾಗಿ ಉಳಿಸಿದರೆ ಅದು ಸಕ್ಕರೆಯ ಬ್ಲೂಮ್. ನಮ್ಮ ಡಬ್ಬಿ ದಿನಕ್ಕೆ ಹತ್ತು ಸಲ ಫ್ರಿಜ್ಜಿನ ಒಳಗೂ ಹೊರಗೂ ಓಡಾಡಿತ್ತು. ಎರಡರಲ್ಲೂ ಅಪಾಯವಿಲ್ಲ. ರುಚಿ ಸ್ವಲ್ಪ ಮಂಕು, ಬಾಯಿಗೆ ಸ್ವಲ್ಪ ಒರಟು, ಅಷ್ಟೇ.

ಮನೆಯಲ್ಲೇ ಪರೀಕ್ಷಿಸಬಹುದು. ಬೆರಳು ಒದ್ದೆ ಮಾಡಿ ಉಜ್ಜಿ. ಕಲೆ ಕರಗಿ ಬೆರಳು ಅಂಟಂಟಾದರೆ ಸಕ್ಕರೆ. ಬೆರಳಿನ ಬಿಸಿಗೆ ಜಿಡ್ಡಾಗಿ ಮಾಯವಾದರೆ ಕೊಬ್ಬು. ಫಂಗಸ್ ಹೀಗಿರುವುದಿಲ್ಲ. ಅದು ಹತ್ತಿಯ ಎಳೆಯಂತೆ ಎದ್ದು ನಿಲ್ಲುತ್ತದೆ, ಹಸಿರು ಅಥವಾ ಕಪ್ಪು ಬಣ್ಣ ಬರುತ್ತದೆ, ಮುಗ್ಗಲು ವಾಸನೆ ಹೊಡೆಯುತ್ತದೆ. ಗಟ್ಟಿ ಚಾಕೊಲೇಟಿನಲ್ಲಿ ನೀರಿನಂಶ ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ ಅದರಲ್ಲಿ ಫಂಗಸ್ ಬೆಳೆಯುವುದು ಕಷ್ಟ.

ಆದರೆ ಒಂದು ಅಪವಾದ ಇದೆ, ದಯವಿಟ್ಟು ಗಮನಿಸಿ. ಕ್ಲಾಸಿನಲ್ಲಿ ಒಳಗೆ ಕ್ರೀಮ್, ಹಣ್ಣಿನ ತಿರುಳು ಅಥವಾ ತೆಂಗಿನಕಾಯಿ ತುರಿ ತುಂಬಿಸಿ ಮಾಡಿದ್ದರೆ ಅದರಲ್ಲಿ ನೀರಿನಂಶ ಇದೆ. ಅದು ನಿಜಕ್ಕೂ ಕೆಡುತ್ತದೆ. ಕಲಿಸಿದವರು ಎಷ್ಟು ದಿನ ಅಂದರೋ ಅಷ್ಟರೊಳಗೆ ಮುಗಿಸಿ.

ಬೀಜದಿಂದ ಬಾರ್‌ವರೆಗೆ, ನಡುವೆ ನಮ್ಮ ಇಡ್ಲಿ ಗ್ರೈಂಡರ್

ಮೈಸೂರಿನ ಕ್ಲಾಸ್ ಶುರುವಾದದ್ದು ಒಂದು ಕೋಕೋ ಕಾಯಿಯನ್ನು ಒಡೆಯುವುದರಿಂದ. ಒಳಗೆ ಬಿಳಿ ತಿರುಳು ಅಂಟಿದ ಮೂವತ್ತು ನಲವತ್ತು ಬೀಜ. ತಿರುಳಿಗೆ ಹುಳಿ-ಸಿಹಿ ರುಚಿ, ಸೀತಾಫಲ ಚೀಪಿದ ಹಾಗೆ. ಚಾಕೊಲೇಟಿನ ಪರಿಮಳದ ಸುಳಿವೂ ಅದರಲ್ಲಿಲ್ಲ. ಬೀಜಗಳನ್ನು ತಿರುಳಿನ ಸಮೇತ ಪೆಟ್ಟಿಗೆಯಲ್ಲಿ ಐದಾರು ದಿನ ಹುಳಿಯಲು ಬಿಡುತ್ತಾರೆ. ಇಡ್ಲಿ ಹಿಟ್ಟಿನಂತೆಯೇ ಇಲ್ಲೂ ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳ ಕೆಲಸ. ರಾಶಿಯ ಒಳಗಿನ ಬಿಸಿ 45 ಡಿಗ್ರಿ ದಾಟುತ್ತದೆ. ಆಮೇಲೆ ಒಣಗಿಸಿ, ಹುರಿದು, ಸಿಪ್ಪೆ ಕೇರಿ ತೆಗೆಯಬೇಕು. ಮೊರ ಹಿಡಿದು ಬೆಳೆದವರಿಗೆ ಈ ಭಾಗದಲ್ಲಿ ಯಾರೂ ಏನೂ ಕಲಿಸಬೇಕಿಲ್ಲ.

ಮುಂದಿನದ್ದು ರುಬ್ಬುವುದು. ಟೇಬಲ್ ಮೇಲೆ ಇದ್ದದ್ದು ಎರಡು ಗ್ರಾನೈಟ್ ಚಕ್ರಗಳ ಒಂದು ಯಂತ್ರ. “ಇದು ನಮ್ಮ ಮನೆಯ ಗ್ರೈಂಡರ್ ಅಲ್ವಾ?” ಅಂತ ಯಾರೋ ಕೇಳಿದರು. ಹೌದು, ಹೆಚ್ಚುಕಡಿಮೆ ಅದೇ. ಜಗತ್ತಿನ ಅನೇಕ ಸಣ್ಣ ಚಾಕೊಲೇಟ್ ತಯಾರಕರು, ಅಮೆರಿಕದವರೂ ಸೇರಿ, ಬಳಸುವುದು ದಕ್ಷಿಣ ಭಾರತದ ವೆಟ್ ಗ್ರೈಂಡರಿನ ಸುಧಾರಿತ ರೂಪವನ್ನೇ. ಮೆಕ್ಸಿಕೋದ ಒಹಾಕಾ ಪ್ರವಾಸಕ್ಕೆ ಹೋದವರು ಇನ್ನೂ ಹಳೆಯದನ್ನು ನೋಡಬಹುದು. ಮೆಟಾಟೆ ಅನ್ನುವ ಇಳಿಜಾರು ಕಲ್ಲಿನ ಮೇಲೆ ಗುಂಡುಕಲ್ಲಿನಿಂದ ಕೋಕೋ ಅರೆಯುತ್ತಾರೆ. ಅಲ್ಲಿ ಅದನ್ನು ಬಾರ್ ಮಾಡುವುದಕ್ಕಿಂತ ನೀರಿಗೋ ಹಾಲಿಗೋ ಕದಡಿ ಕುಡಿಯುವುದೇ ಹಳೆಯ ರೂಢಿ.

ಹುರಿದ ಬೀಜದ ಚೂರುಗಳನ್ನು ಹಾಕಿ ಅರ್ಧ ಗಂಟೆ ತಿರುಗಿಸಿದರೆ, ಒಂದು ಹನಿ ನೀರಿಲ್ಲದೆ, ಅವು ದ್ರವವಾಗುತ್ತವೆ. ಅರ್ಧಕ್ಕರ್ಧ ಕೊಬ್ಬಲ್ಲವೇ, ಘರ್ಷಣೆಯ ಬಿಸಿಗೇ ಕರಗುತ್ತದೆ. ಆದರೆ ಅಷ್ಟಕ್ಕೇ ಚಾಕೊಲೇಟ್ ಆಗಲಿಲ್ಲ. ಕಣಗಳು ಸುಮಾರು 30 ಮೈಕ್ರಾನ್‌ಗಿಂತ ದೊಡ್ಡದಿದ್ದರೆ ನಾಲಿಗೆಗೆ ಮರಳು ಅನಿಸುತ್ತದೆ. ಅದಕ್ಕಿಂತ ಸಣ್ಣದಾಗಲು, ಹುಳಿ ವಾಸನೆ ಹಾರಿಹೋಗಲು, ಈ ಯಂತ್ರ ಒಂದು ದಿನದಿಂದ ಮೂರು ದಿನ ನಿಲ್ಲದೆ ತಿರುಗಬೇಕು. ಹಾಗಾಗಿ ‘ಎರಡು ಗಂಟೆಯಲ್ಲಿ ಬೀಜದಿಂದ ಬಾರ್’ ಅನ್ನುವ ಜಾಹೀರಾತು ಅರ್ಧಸತ್ಯ. ನೀವು ಹಾಕಿದ ಬೀಜ ಒಂದು ಪಾತ್ರೆಯಲ್ಲಿ, ನೀವು ಅಚ್ಚಿಗೆ ಸುರಿಯುವುದು ಹಿಂದಿನ ದಿನಗಳಲ್ಲಿ ರುಬ್ಬಿಟ್ಟ ಇನ್ನೊಂದು ಪಾತ್ರೆಯಿಂದ. ಅಡುಗೆ ಕಾರ್ಯಕ್ರಮಗಳಲ್ಲಿ ಮಾಡುವಂತೆಯೇ. ಇದನ್ನು ಮೊದಲೇ ಹೇಳಿಬಿಡುವ ಕ್ಲಾಸ್ ಒಳ್ಳೆಯ ಕ್ಲಾಸ್.

ಮನೆಯ ಗ್ರೈಂಡರಿನಲ್ಲಿ ಪ್ರಯತ್ನಿಸಬೇಡಿ. ದಿನಗಟ್ಟಲೆ ಓಡಲು ಅದರ ಮೋಟಾರನ್ನು ಮಾಡಿಲ್ಲ. ಕ್ಲಾಸಿನಲ್ಲಿ ಹುರಿಯದ ಬೀಜ ಕೊಟ್ಟು ‘ಇದರಲ್ಲೇ ಎಲ್ಲ ಶಕ್ತಿ ಇರೋದು’ ಅಂದರೆ ನಯವಾಗಿ ಬೇಡ ಅನ್ನಿ. ತೆರೆದ ಅಂಗಳದಲ್ಲಿ ಒಣಗಿದ ಬೀಜದ ಮೇಲೆ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಇರಬಹುದು, ಹುರಿಯುವುದು ರುಚಿಗೆ ಮಾತ್ರ ಅಲ್ಲ.

ಡಾರ್ಕ್ ಚಾಕೊಲೇಟ್ ಶುಗರ್ ಇಳಿಸುತ್ತದಾ?

ಎರಡೂ ಕ್ಲಾಸುಗಳಲ್ಲಿ ಯಾರಾದರೊಬ್ಬರು ಇದನ್ನು ಹೇಳಿದರು: ಡಾರ್ಕ್ ಹೃದಯಕ್ಕೆ ಒಳ್ಳೆಯದು, ತೂಕ ಇಳಿಯುತ್ತದೆ, ಶುಗರ್ ಇರುವವರೂ ತಿನ್ನಬಹುದು. ಇದರಲ್ಲಿ ಸ್ವಲ್ಪ ನಿಜ ಬೆರೆತಿದೆ, ಅದಕ್ಕೇ ಇದು ಹೆಚ್ಚು ಅಪಾಯಕಾರಿ.

ಕೋಕೋದಲ್ಲಿ ಫ್ಲೇವನಾಲ್ ಅನ್ನುವ ಪದಾರ್ಥಗಳಿವೆ. ಅವು ರಕ್ತನಾಳಗಳನ್ನು ಸಡಿಲಗೊಳಿಸಲು ಸಹಾಯ ಮಾಡುತ್ತವೆ ಅನ್ನುವುದಕ್ಕೆ ಆಧಾರವಿದೆ. ಅಮೆರಿಕದಲ್ಲಿ 21 ಸಾವಿರಕ್ಕೂ ಹೆಚ್ಚು ಹಿರಿಯರ ಮೇಲೆ ನಡೆದ ಕಾಸ್ಮಾಸ್ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ಅದರಲ್ಲಿ ಕೊಟ್ಟದ್ದು ಚಾಕೊಲೇಟ್ ಅಲ್ಲ, ದಿನಕ್ಕೆ 500 ಮಿಲಿಗ್ರಾಂ ಫ್ಲೇವನಾಲ್ ಇರುವ ಕ್ಯಾಪ್ಸೂಲ್. ಹೃದ್ರೋಗದಿಂದಾದ ಸಾವು ಕಡಿಮೆ ಕಂಡರೂ, ಮುಖ್ಯವಾಗಿ ಅಳೆಯಲು ಹೊರಟಿದ್ದ ಒಟ್ಟು ಹೃದಯ-ರಕ್ತನಾಳದ ತೊಂದರೆಗಳಲ್ಲಿ ಖಚಿತವಾದ ಇಳಿಕೆ ಸಾಬೀತಾಗಲಿಲ್ಲ. ಅಧ್ಯಯನಕ್ಕೆ ಹಣ ಕೊಟ್ಟವರಲ್ಲಿ ಚಾಕೊಲೇಟ್ ಕಂಪನಿ ಮಾರ್ಸ್ ಕೂಡ ಇತ್ತು.

ತೂಕ ಇಳಿಯುವ ಕಥೆ ಇನ್ನೂ ಸ್ವಾರಸ್ಯಕರ. ಸಂವಹನ ಓದಿದವಳಾಗಿ ನನಗೆ ಇದು ಅಚ್ಚುಮೆಚ್ಚು. 2015ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಮತ್ತು ಸಂಗಡಿಗರು ಬೇಕೆಂದೇ ಕಳಪೆಯಾಗಿ ಒಂದು ಅಧ್ಯಯನ ಮಾಡಿದರು. ಬರೀ 15 ಜನ, ಮೂರು ವಾರ, ಅಳೆದದ್ದು 18 ಸಂಗತಿ. ಅಷ್ಟೊಂದು ಅಳೆದರೆ ಯಾವುದೋ ಒಂದು ಆಕಸ್ಮಿಕವಾಗಿಯಾದರೂ ‘ಫಲಿತಾಂಶ’ ತೋರಿಸಿಯೇ ತೋರಿಸುತ್ತದೆ. ಚಾಕೊಲೇಟ್ ತಿಂದರೆ ತೂಕ ಬೇಗ ಇಳಿಯುತ್ತದೆ ಅಂತ ಪ್ರಕಟಿಸಿದರು. ಹಲವು ದೇಶಗಳ ಪತ್ರಿಕೆ, ವೆಬ್‌ಸೈಟುಗಳು ಹಿಂದೆಮುಂದೆ ನೋಡದೆ ಸುದ್ದಿ ಮಾಡಿದವು. ಆಮೇಲೆ ಅವರೇ ಇದು ಪರೀಕ್ಷೆಗಾಗಿ ಮಾಡಿದ ನಾಟಕ ಅಂತ ಹೇಳಿದರು. ಸುದ್ದಿಯಷ್ಟು ವೇಗವಾಗಿ ತಪ್ಪೊಪ್ಪಿಗೆ ಹರಡಲಿಲ್ಲ, ನಮ್ಮ ಕ್ಲಾಸಿನವರೆಗಂತೂ ತಲುಪಿರಲಿಲ್ಲ.

ಶುಗರ್ ಇರುವವರು ಒಂದು ಸರಳ ಲೆಕ್ಕ ನೆನಪಿಟ್ಟುಕೊಳ್ಳಿ. ಬಾರ್ ಮೇಲಿನ ಶೇಕಡಾವಾರು ಕೋಕೋದ ಭಾಗ. ಡಾರ್ಕ್ ಚಾಕೊಲೇಟಿನಲ್ಲಿ ಉಳಿದದ್ದು ಬಹುತೇಕ ಸಕ್ಕರೆ. 70 ಪರ್ಸೆಂಟ್ ಬಾರ್ 100 ಗ್ರಾಂ ತಿಂದರೆ ಸುಮಾರು 30 ಗ್ರಾಂ ಸಕ್ಕರೆ, ಅಂದರೆ ಆರೇಳು ಟೀ ಚಮಚ. 50 ಪರ್ಸೆಂಟ್ ಆದರೆ ಅರ್ಧಕ್ಕರ್ಧ ಸಕ್ಕರೆ. ಶೇಕಡಾವಾರನ್ನೇ ಬರೆಯದೆ ‘ಡಾರ್ಕ್’ ಅಂತ ಮಾತ್ರ ಇದ್ದರೆ ಆ ಪದಕ್ಕೆ ಬಣ್ಣದಷ್ಟೇ ಅರ್ಥ. ‘ಶುಗರ್ ಫ್ರೀ’ಯಲ್ಲಿ ಮಾಲ್ಟಿಟಾಲ್ ಹಾಕಿದ್ದರೆ ಅದಕ್ಕೂ ಸಕ್ಕರೆಯ ಅರ್ಧದಷ್ಟು ಕ್ಯಾಲರಿ ಇದೆ, ರಕ್ತದ ಸಕ್ಕರೆಯನ್ನು ಕಮ್ಮಿಯಾದರೂ ಏರಿಸುತ್ತದೆ, ಜಾಸ್ತಿ ತಿಂದರೆ ಭೇದಿಯಾಗುತ್ತದೆ. ಪದಾರ್ಥಗಳ ಪಟ್ಟಿಯೇ ಇಲ್ಲದ ಸ್ಟಿಕರ್ ಡಬ್ಬಿಯನ್ನು ಶುಗರ್ ಇರುವವರು ಮುಟ್ಟದಿರುವುದೇ ಕ್ಷೇಮ.

ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ

ಕಡಲೆಕಾಯಿ, ಗೋಡಂಬಿ, ಹಾಲು, ಸೋಯಾ, ಇವುಗಳಲ್ಲಿ ಯಾವುದಕ್ಕಾದರೂ ಅಲರ್ಜಿ ಇರುವ ಮಗು ಜೊತೆಗಿದ್ದರೆ ಬುಕ್ ಮಾಡುವ ಮೊದಲೇ ಫೋನ್ ಮಾಡಿ. ‘ನಿಮ್ಮ ಮಗುವಿಗೆ ನಟ್ಸ್ ಹಾಕೋದಿಲ್ಲ ಬಿಡಿ’ ಅನ್ನುವುದು ಸಾಕಾಗುವ ಉತ್ತರ ಅಲ್ಲ. ಒಂದೇ ಪಾತ್ರೆ, ಒಂದೇ ಚಮಚ, ಹಿಂದಿನ ಬ್ಯಾಚಿನ ಅದೇ ಅಚ್ಚು, ಎಲ್ಲದರಲ್ಲೂ ಕಡಲೆಕಾಯಿಯ ಕಣ ಉಳಿದಿರುತ್ತದೆ. ತೀವ್ರ ಅಲರ್ಜಿಗೆ ಅಷ್ಟೇ ಸಾಕು. ಪ್ಯಾಕ್ ಮಾಡಿದ ಆಹಾರದ ಮೇಲೆ ಅಲರ್ಜಿಕಾರಕಗಳನ್ನು ನಮೂದಿಸುವುದು ಕಡ್ಡಾಯ, ಕ್ಲಾಸಿನಲ್ಲಿ ನೀವೇ ತುಂಬಿಕೊಂಡ ಡಬ್ಬಿಯ ಮೇಲೆ ಏನೂ ಬರೆದಿರುವುದಿಲ್ಲ. ಅದನ್ನು ಪಕ್ಕದ ಮನೆಯ ಮಕ್ಕಳಿಗೆ ಹಂಚುವಾಗ ಒಳಗೆ ಏನಿದೆ ಅಂತ ಬಾಯಲ್ಲಾದರೂ ಹೇಳಿ.

ಊರಿಗೆ ತಂದ ಮೇಲೆ ಫ್ರಿಜ್ ಬೇಡ, ಗಾಳಿಯಾಡದ ಡಬ್ಬಿಯಲ್ಲಿ ತಂಪು ಮೂಲೆ ಸಾಕು. ಏಪ್ರಿಲ್-ಮೇನಲ್ಲಿ ಫ್ರಿಜ್ಜೇ ಗತಿ ಅನ್ನುವುದಾದರೆ ಡಬ್ಬಿಯನ್ನು ಇನ್ನೊಂದು ಕವರಿನಲ್ಲಿ ಸುತ್ತಿಡಿ. ತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ತೆರೆಯಬೇಡಿ, ಇಬ್ಬನಿ ಡಬ್ಬಿಯ ಮೇಲೆ ಕೂರಲಿ, ಚಾಕೊಲೇಟ್ ಮೇಲೆ ಬೇಡ. ಮನೆಯಲ್ಲಿ ನಾಯಿ ಇದ್ದರೆ ಅದಕ್ಕೆ ಎಟುಕದ ಕಡೆ ಇಡಿ. ಈ ವಿಷಯದಲ್ಲಿ ಫಾರ್ವರ್ಡ್‌ಗಳು ಹೇಳುವುದು ನಿಜ. ಕೋಕೋದಲ್ಲಿರುವ ಥಿಯೋಬ್ರೋಮಿನ್ ನಾಯಿಯ ದೇಹದಿಂದ ಬಹಳ ನಿಧಾನವಾಗಿ ಹೊರಹೋಗುತ್ತದೆ. 5 ಕೆಜಿ ತೂಕದ ಸಣ್ಣ ನಾಯಿಗೆ 50 ಗ್ರಾಂನ ಒಂದು ಡಾರ್ಕ್ ಬಾರ್ ಕೂಡ ಅಪಾಯ. ತಿಂದುಬಿಟ್ಟಿದ್ದರೆ ಮನೆಮದ್ದು ಹುಡುಕುತ್ತಾ ಕೂರದೆ, ಎಷ್ಟು ತಿಂದಿದೆ ಅಂತ ನೋಡಿಕೊಂಡು ಪಶುವೈದ್ಯರಿಗೆ ಕೂಡಲೇ ಫೋನ್ ಮಾಡಿ.